ಗೆದ್ದ ತಂಡವನ್ನೇ ಎರಡು ಸಲ ಮಾರಿದ ಮಾಲೀಕ

2024ರ ಸೆಪ್ಟೆಂಬರ್ 26. ಅಮೆರಿಕದ ಓಕ್‌ಲ್ಯಾಂಡ್ ನಗರದ ಹಳೆಯ ಕಾಂಕ್ರೀಟ್ ಸ್ಟೇಡಿಯಂನಲ್ಲಿ 46 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಊರಿನ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್, ಟೆಕ್ಸಾಸ್ ರೇಂಜರ್ಸ್ ವಿರುದ್ಧ 3-2ರಿಂದ ಗೆದ್ದಿತು. ಗೆದ್ದ ಮೇಲೂ ಜನ ಅತ್ತರು. ಯಾಕಂದ್ರೆ 57 ಸೀಸನ್ ಆಡಿದ ಊರಿನಲ್ಲಿ ಅದು ತಂಡದ ಕೊನೆಯ ಪಂದ್ಯ. ಮಾಲೀಕರು ಲಾಸ್ ವೇಗಸ್ ಕಡೆ ಮುಖ ಮಾಡಿಯಾಗಿತ್ತು.

ಅದಕ್ಕೂ ಒಂದು ವರ್ಷ ಮೊದಲು, 2023ರ ಜೂನ್ 13ರಂದು ಇದೇ ಅಭಿಮಾನಿಗಳು ಒಂದು ವಿಚಿತ್ರ ಪ್ರತಿಭಟನೆ ಮಾಡಿದ್ದರು. ಬಹಿಷ್ಕಾರ ಹಾಕುವುದರ ಬದಲು ಸ್ಟೇಡಿಯಂ ತುಂಬಿಸಿದರು. ಅಂದು ಬಂದವರು 27 ಸಾವಿರಕ್ಕೂ ಹೆಚ್ಚು. ಹಸಿರು ಅಂಗಿಯ ಮೇಲೆ ಒಂದೇ ಪದ: ಮಾರು. ತಂಡವನ್ನು ನಡೆಸುವ ಮನಸ್ಸಿಲ್ಲದಿದ್ದರೆ ಬೇರೆಯವರಿಗೆ ಮಾರಿ ಹೋಗು ಅಂತ ಮಾಲೀಕರಿಗೆ ಹೇಳಿದ ಮಾತದು. ಊರಿನವರಿಗೆ ತಂಡದ ಮೇಲೆ ಪ್ರೀತಿ ಇಲ್ಲ ಎಂಬ ನೆಪವನ್ನು ಒಂದೇ ಸಂಜೆಯಲ್ಲಿ ಸುಳ್ಳು ಮಾಡಿದರು. ಆದರೂ ಅದೇ ತಿಂಗಳು ನೆವಾಡ ರಾಜ್ಯ ಹೊಸ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡಲು ಒಪ್ಪಿತು. ಅಲ್ಲಿಗೆ ಓಕ್‌ಲ್ಯಾಂಡ್ ಕಥೆ ಮುಗಿಯಿತು.

ನಾನು ಈ ತಂಡದ ಹೆಸರು ಮೊದಲು ಕೇಳಿದ್ದು ಮನಿಬಾಲ್ ಸಿನಿಮಾದಲ್ಲಿ. ಎಂಜಿನಿಯರಿಂಗ್ ಓದಿದ ನಮ್ಮಂಥವರಿಗೆ ಅದೊಂಥರಾ ಪುರಾಣ. ದುಡ್ಡಿಲ್ಲದ ತಂಡ ಅಂಕಿಅಂಶ ಹಿಡಿದುಕೊಂಡು ದುಡ್ಡಿರುವವರ ಎದುರು ನಿಲ್ಲುತ್ತದೆ. ನೋಡಿ ಬಂದ ರಾತ್ರಿ ರೂಮಲ್ಲಿ ಎಲ್ಲರೂ ಎಕ್ಸೆಲ್ ಶೀಟಿನಿಂದ ಲೋಕ ಬದಲಾಯಿಸುವ ಉಮೇದಿನಲ್ಲಿದ್ದೆವು. ಒಂದು ಪ್ರಶ್ನೆ ಮಾತ್ರ ಯಾರಿಗೂ ಹೊಳೆಯಲಿಲ್ಲ: ಆ ತಂಡದ ಬಳಿ ದುಡ್ಡು ಯಾಕಿರಲಿಲ್ಲ? ಇರಲಿಲ್ಲವೋ, ಖರ್ಚು ಮಾಡಲಿಲ್ಲವೋ?

ಆ ಪ್ರಶ್ನೆ ಹೊಳೆದದ್ದು ಕೆಲಸಕ್ಕೆ ಸೇರಿದ ಮೇಲೆ. ನಾನಿದ್ದ ಕಂಪನಿಯೊಂದರಲ್ಲಿ ನಮ್ಮ ಟೀಮ್ ಒಂದು ವರ್ಷ ಅತಿ ಹೆಚ್ಚು ಲಾಭ ತಂದುಕೊಟ್ಟಿತು. ಕೇಕ್ ಕತ್ತರಿಸಿದರು, ಫೋಟೋ ತೆಗೆದರು. ಮೂರು ತಿಂಗಳಿಗೆ ಅರ್ಧ ಟೀಮ್ ಮನೆಗೆ ಹೋಯಿತು. ಚೆನ್ನಾಗಿ ಕೆಲಸ ಮಾಡಿದವರ ಸಂಬಳ ಜಾಸ್ತಿಯಾಗಿದೆ, ಅದೇ ಸಮಸ್ಯೆ ಎಂಬುದು ಲೆಕ್ಕ. ಸೋತವರನ್ನು ಕಳಿಸುವುದು ಅರ್ಥವಾಗುತ್ತೆ, ಗೆದ್ದವರನ್ನು ಕಳಿಸುವುದು ಯಾವ ನ್ಯಾಯ ಅಂತ ಬಹಳ ದಿನ ತಲೆ ಕೆಟ್ಟಿತ್ತು. ಆಮೇಲೆ ಪತ್ರಿಕೋದ್ಯಮಕ್ಕೆ ಬಂದೆ. ಅಥ್ಲೆಟಿಕ್ಸ್ ತಂಡದ ಹಳೆಯ ಕಥೆ ಹುಡುಕಿಕೊಂಡು ಹೋದಾಗ ಸಿಕ್ಕವರು ಕಾನಿ ಮ್ಯಾಕ್. ಗೆದ್ದ ತಂಡವನ್ನು ಒಡೆದು ಮಾರುವುದನ್ನು ಒಂದಲ್ಲ, ಎರಡು ಸಲ ಮಾಡಿದ ಮನುಷ್ಯ.

ಬೂಟಿನ ಕಾರ್ಖಾನೆಯಿಂದ ಬಂದ ಹುಡುಗ

1862ರ ಡಿಸೆಂಬರ್ 22ರಂದು ಮ್ಯಾಸಚೂಸೆಟ್ಸ್ ರಾಜ್ಯದ ಈಸ್ಟ್ ಬ್ರೂಕ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ. ಪೂರ್ತಿ ಹೆಸರು ಕಾರ್ನೀಲಿಯಸ್ ಮೆಕ್‌ಗಿಲಿಕಡಿ. ಅಪ್ಪ ಅಮ್ಮ ಐರ್ಲೆಂಡಿನಿಂದ ವಲಸೆ ಬಂದವರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ ಕಾಲ, ಅಪ್ಪ ಸೈನಿಕ. ಹುಡುಗ ಶಾಲೆ ಅರ್ಧಕ್ಕೆ ಬಿಟ್ಟು ಹತ್ತಿಗಿರಣಿ, ಬೂಟಿನ ಕಾರ್ಖಾನೆಗಳಲ್ಲಿ ದುಡಿದ. ಆರಡಿ ದಾಟಿದ ಎತ್ತರ, ಕಡ್ಡಿಯಂಥ ಮೈ. ಜನರ ಬಾಯಲ್ಲಿ ಹೆಸರು ಕಾನಿ ಮ್ಯಾಕ್ ಅಂತಾಯಿತು.

ಬೇಸ್‌ಬಾಲ್‌ನಲ್ಲಿ ಅವರು ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ ಬ್ಯಾಟರ್ ಹಿಂದೆ ಕೂರುವ ಕೆಲಸ. ಬ್ಯಾಟಿಂಗ್ ಸುಮಾರು, ತಲೆ ಚುರುಕು. ಚೆಂಡು ಬ್ಯಾಟಿಗೆ ತಾಗದಿದ್ದರೂ ತಾಗಿದಂತೆ ಸದ್ದು ಮಾಡಿ ಅಂಪೈರ್‌ಗೆ ಮೋಸ ಮಾಡುವ ಕಲೆ ಕರಗತವಾಗಿತ್ತು. ಮುಂದೆ ಇಡೀ ದೇಶ ಸಂತನಂತೆ ನೋಡಿದ ವ್ಯಕ್ತಿ ಹೀಗೆ ಶುರು ಮಾಡಿದ್ದು ಅನ್ನೋದು ನನಗೆ ಇಷ್ಟವಾದ ವಿವರ.

ಇನ್ನೊಂದು ವಿವರ ಇದಕ್ಕಿಂತ ಮುಖ್ಯ. ಆಗ ಆಟಗಾರರ ಕಾಂಟ್ರಾಕ್ಟಿನಲ್ಲಿ ಒಂದು ಷರತ್ತು ಇರುತ್ತಿತ್ತು. ಕಾಂಟ್ರಾಕ್ಟ್ ಮುಗಿದರೂ ಆಟಗಾರ ಅದೇ ತಂಡಕ್ಕೆ ಸೇರಿದವನು. ಮಾಲೀಕ ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಂಥರಾ ಜೀತ. ಇದರ ವಿರುದ್ಧ ಆಟಗಾರರ ಸಂಘ ಸಿಡಿದೆದ್ದು 1890ರಲ್ಲಿ ತನ್ನದೇ ಲೀಗ್ ಕಟ್ಟಿತು. ಕಾನಿ ಮ್ಯಾಕ್ ಆ ಬಂಡಾಯದ ಜೊತೆ ಹೋದರು. ಬಫಲೊ ತಂಡಕ್ಕೆ ಆಡಿದ್ದಷ್ಟೇ ಅಲ್ಲ, ತಮ್ಮ ಉಳಿತಾಯದ ಹಣವನ್ನೂ ಅದರಲ್ಲಿ ಹಾಕಿದರು. ಬಫಲೊ ಕೊನೆಯ ಸ್ಥಾನಕ್ಕೆ ಬಿತ್ತು, ಲೀಗ್ ಒಂದೇ ವರ್ಷಕ್ಕೆ ಮುಚ್ಚಿತು. ಕೂಡಿಟ್ಟ ಕಾಸು ಹೋಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 1892ರಲ್ಲಿ, ಮೂರು ಪುಟ್ಟ ಮಕ್ಕಳನ್ನು ಬಿಟ್ಟು ಹೆಂಡತಿ ಮಾರ್ಗರೆಟ್ ತೀರಿಕೊಂಡರು.

ಕೈಯಲ್ಲಿ ಕಾಸಿಲ್ಲದೆ ಮಕ್ಕಳನ್ನು ಸಾಕುವುದು ಅಂದರೇನು ಅಂತ ಮೂವತ್ತರ ಹರೆಯದಲ್ಲೇ ಕಂಡವರು ಅವರು. ಮುಂದಿನ ಅರವತ್ತು ವರ್ಷ ಅವರು ದುಡ್ಡಿನ ವಿಷಯದಲ್ಲಿ ಹೇಗೆ ನಡೆದುಕೊಂಡರು ಅನ್ನೋದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಇದನ್ನು ಬಿಟ್ಟು ಆ ಲೆಕ್ಕ ಅರ್ಥವಾಗುವುದೂ ಇಲ್ಲ.

ಬಿಳಿ ಆನೆ

1901ರಲ್ಲಿ ಅಮೆರಿಕನ್ ಲೀಗ್ ಎಂಬ ಹೊಸ ಲೀಗ್ ತಲೆಯೆತ್ತಿತು. ಅದರ ಫಿಲಡೆಲ್ಫಿಯಾ ತಂಡವನ್ನು ಕಟ್ಟುವ ಹೊಣೆ ಮ್ಯಾಕ್ ಮೇಲೆ ಬಿತ್ತು. ತಂಡದ ಹೆಸರು ಅಥ್ಲೆಟಿಕ್ಸ್. ಬೇಸ್‌ಬಾಲ್ ಸಾಮಗ್ರಿ ತಯಾರಿಸುತ್ತಿದ್ದ ಬೆನ್ ಶೈಬ್ ಅರ್ಧ ಪಾಲುದಾರ. ಮ್ಯಾಕ್ ಕಾಲು ಪಾಲು. ಉಳಿದ ಕಾಲು ಪಾಲು ಇಬ್ಬರು ಕ್ರೀಡಾ ಪತ್ರಕರ್ತರದು. ಹೌದು, ತಾವೇ ಬರೆಯುವ ತಂಡದಲ್ಲಿ ಪತ್ರಕರ್ತರೇ ಪಾಲುದಾರರು. ನಮ್ಮ ವೃತ್ತಿಯ ಚರಿತ್ರೆಯಲ್ಲಿ ಇಂಥದ್ದೂ ಇದೆ. ಮುಂದೆ ಆ ಪಾಲನ್ನೂ ಕೊಂಡು ಮ್ಯಾಕ್ ಅರ್ಧ ಮಾಲೀಕರಾದರು.

ಹಳೆಯ ನ್ಯಾಷನಲ್ ಲೀಗಿನಲ್ಲಿ ಆಟಗಾರನ ಸಂಬಳಕ್ಕೆ ವರ್ಷಕ್ಕೆ 2,400 ಡಾಲರ್ ಮಿತಿ ಇತ್ತು. ಹೊಸ ಲೀಗ್ ಹೆಚ್ಚು ಕೊಡುತ್ತೇನೆ ಅಂದಿತು. ಮ್ಯಾಕ್ ಅದೇ ಊರಿನ ಎದುರಾಳಿ ತಂಡ ಫಿಲ್ಲೀಸ್‌ನಿಂದ ನ್ಯಾಪ್ ಲಾಜೊವೇ ಎಂಬ ದೊಡ್ಡ ಬ್ಯಾಟರ್‌ನನ್ನೇ ಎತ್ತಿಕೊಂಡು ಬಂದರು. ಅಂದರೆ ಅವರ ಸಾಮ್ರಾಜ್ಯದ ಮೊದಲ ಇಟ್ಟಿಗೆಯೇ ಆಟಗಾರನಿಗೆ ಹೆಚ್ಚು ಸಂಬಳ ಕೊಡುವುದು. ಇದನ್ನು ನೆನಪಿಟ್ಟುಕೊಳ್ಳಿ.

ದುಡ್ಡು ಸುರಿಯುವ ಈ ತಂಡವನ್ನು ಕಂಡು ಎದುರಾಳಿ ಮ್ಯಾನೇಜರ್ ಜಾನ್ ಮೆಗ್ರಾ ಅದೊಂದು ಬಿಳಿ ಆನೆ ಎಂದು ಗೇಲಿ ಮಾಡಿದರು. ಸಾಕಲೂ ಆಗದ, ಬಿಡಲೂ ಆಗದ ಖರ್ಚಿನ ಹೊರೆ ಅಂತ. ಮ್ಯಾಕ್ ಬೇಸರಪಡಲಿಲ್ಲ, ಬಿಳಿ ಆನೆಯನ್ನೇ ತಂಡದ ಲಾಂಛನ ಮಾಡಿಕೊಂಡರು. ಇವತ್ತಿಗೂ ಆ ಆನೆ ತಂಡದ ಜೊತೆಗಿದೆ.

1902ರಲ್ಲೇ ತಂಡ ಲೀಗ್ ಗೆದ್ದಿತು. 1909ರಲ್ಲಿ ಉಕ್ಕು ಮತ್ತು ಕಾಂಕ್ರೀಟಿನಲ್ಲಿ ಕಟ್ಟಿದ ಮೊದಲ ಬೇಸ್‌ಬಾಲ್ ಸ್ಟೇಡಿಯಂ ಶೈಬ್ ಪಾರ್ಕ್ ಬಾಗಿಲು ತೆರೆಯಿತು. 1910, 1911, 1913ರಲ್ಲಿ ವರ್ಲ್ಡ್ ಸೀರೀಸ್ ಗೆಲುವು. ಮೆಗ್ರಾ ಅವರ ನ್ಯೂಯಾರ್ಕ್ ಜೈಂಟ್ಸ್ ತಂಡವನ್ನೇ ಎರಡು ಸಲ ಸೋಲಿಸಿದರು. ಎಡ್ಡಿ ಕಾಲಿನ್ಸ್, ಫ್ರಾಂಕ್ ಬೇಕರ್, ಜ್ಯಾಕ್ ಬ್ಯಾರಿ, ಸ್ಟಫಿ ಮೆಕಿನಿಸ್ ಈ ನಾಲ್ವರನ್ನು ಪತ್ರಿಕೆಗಳು ಲಕ್ಷ ಡಾಲರ್ ಬೆಲೆಯ ಇನ್‌ಫೀಲ್ಡ್ ಎಂದು ಕರೆದವು.

ಮ್ಯಾನೇಜರ್ ಆಗಿ ಮ್ಯಾಕ್ ಯೂನಿಫಾರ್ಮ್ ಹಾಕುತ್ತಿರಲಿಲ್ಲ. ಸೂಟು, ಗಂಜಿ ಹಾಕಿದ ಬಿಗಿ ಕಾಲರ್, ಕೈಯಲ್ಲಿ ಸುತ್ತಿದ ಸ್ಕೋರ್‌ಕಾರ್ಡ್. ಅದನ್ನು ಒಂಚೂರು ಅಲುಗಿಸಿದರೆ ಫೀಲ್ಡರ್‌ಗಳು ಜಾಗ ಬದಲಿಸುತ್ತಿದ್ದರು. ಬೈಗುಳ ಇಲ್ಲ, ಕಿರುಚಾಟ ಇಲ್ಲ. ಆಟಗಾರರು ಅವರನ್ನು ಮಿಸ್ಟರ್ ಮ್ಯಾಕ್ ಅಂತಲೇ ಕರೆಯುತ್ತಿದ್ದರು.

ಮೊದಲ ಮಾರಾಟ

1914. ತಂಡ 99 ಪಂದ್ಯ ಗೆದ್ದು ಮತ್ತೆ ವರ್ಲ್ಡ್ ಸೀರೀಸ್ ತಲುಪಿತು. ಅಲ್ಲಿ ಬಾಸ್ಟನ್ ಬ್ರೇವ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಆದರೆ ನಿಜವಾದ ಏಟು ಬಿದ್ದದ್ದು ಬೇರೆ ಕಡೆ. ಫೆಡರಲ್ ಲೀಗ್ ಎಂಬ ಇನ್ನೊಂದು ಹೊಸ ಲೀಗ್ ಬಂದು ಆಟಗಾರರಿಗೆ ದುಪ್ಪಟ್ಟು ಸಂಬಳದ ಆಸೆ ತೋರಿಸುತ್ತಿತ್ತು. 1901ರಲ್ಲಿ ಮ್ಯಾಕ್ ಮಾಡಿದ್ದನ್ನೇ ಈಗ ಇನ್ಯಾರೋ ಅವರಿಗೆ ಮಾಡುತ್ತಿದ್ದರು. ಇನ್ನೊಂದು ಕಡೆ, ತಂಡ ಗೆಲ್ಲುತ್ತಿದ್ದರೂ ಜನ ಕಡಿಮೆಯಾಗಿದ್ದರು. 1913ರಲ್ಲಿ ಸುಮಾರು 5 ಲಕ್ಷ 70 ಸಾವಿರ ಇದ್ದ ಪ್ರೇಕ್ಷಕರ ಸಂಖ್ಯೆ 1914ರಲ್ಲಿ 3 ಲಕ್ಷ 46 ಸಾವಿರಕ್ಕೆ ಇಳಿಯಿತು. ಪ್ರತಿ ವರ್ಷ ಗೆಲ್ಲುವವರನ್ನು ನೋಡುವುದೂ ಜನರಿಗೆ ಬೇಸರವಾಗುತ್ತದೆಯೇನೋ.

ಮ್ಯಾಕ್ ಸಂಬಳ ಏರಿಸಲಿಲ್ಲ. ಕಾಲಿನ್ಸ್‌ರನ್ನು 50 ಸಾವಿರ ಡಾಲರ್‌ಗೆ ಶಿಕಾಗೊಗೆ ಮಾರಿದರು. ಚೀಫ್ ಬೆಂಡರ್, ಎಡ್ಡಿ ಪ್ಲಾಂಕ್ ಎಂಬ ಇಬ್ಬರು ಮಹಾ ಪಿಚ್ಚರ್‌ಗಳು ಫೆಡರಲ್ ಲೀಗಿಗೆ ಹೋದರು. ಬೇಕರ್ ಸಂಬಳದ ಜಗಳದಲ್ಲಿ 1915ರ ಇಡೀ ಸೀಸನ್ ಮನೆಯಲ್ಲಿ ಕೂತರು, ಆಮೇಲೆ ಯಾಂಕೀಸ್‌ಗೆ ಮಾರಾಟವಾದರು. ಬ್ಯಾರಿ ಬಾಸ್ಟನ್ ಪಾಲಾದರು.

ಫಲ? 1915ರಲ್ಲಿ 43 ಗೆಲುವು, 109 ಸೋಲು. 1916ರಲ್ಲಿ 36 ಗೆಲುವು, 117 ಸೋಲು. 1901ರಿಂದ ಈಚೆಗೆ ಇಷ್ಟು ಕೆಳಗಿನ ಗೆಲುವಿನ ಸರಾಸರಿ ಮೇಜರ್ ಲೀಗಿನ ಬೇರಾವ ತಂಡಕ್ಕೂ ಇಲ್ಲ. 1915ರಿಂದ 1921ರವರೆಗೆ ಏಳು ವರ್ಷ ಸತತವಾಗಿ ಕಟ್ಟಕಡೆಯ ಸ್ಥಾನ.

ಬೇರೆ ಯಾವ ಮ್ಯಾನೇಜರ್ ಆಗಿದ್ದರೂ ಮೊದಲ ವರ್ಷವೇ ಮನೆಗೆ ಹೋಗುತ್ತಿದ್ದ. ಮ್ಯಾಕ್‌ರನ್ನು ತೆಗೆಯುವವರು ಯಾರು? ಮಾಲೀಕರೂ ಅವರೇ. ಅಭಿಮಾನಿಯ ಕೈಯಲ್ಲಿದ್ದದ್ದು ಒಂದೇ ಆಯುಧ, ಟಿಕೆಟ್ ಕೊಳ್ಳದೇ ಇರುವುದು. ಜನ ಅದನ್ನೇ ಮಾಡಿದರು. ಜನ ಬರಲಿಲ್ಲವಾದ್ದರಿಂದ ಖರ್ಚು ಇನ್ನೂ ಕಡಿಮೆಯಾಯಿತು. ಖರ್ಚು ಕಡಿಮೆಯಾದ್ದರಿಂದ ಇನ್ನಷ್ಟು ಸೋಲು. ಓಕ್‌ಲ್ಯಾಂಡಿನವರಿಗೆ ಈ ಚಕ್ರ ಬಾಯಿಪಾಠ.

ಮತ್ತೆ ಕಟ್ಟಿದರು, ಮತ್ತೆ ಮಾರಿದರು

ಇಲ್ಲಿಗೇ ಕಥೆ ಮುಗಿದಿದ್ದರೆ ಮ್ಯಾಕ್ ಒಬ್ಬ ಜಿಪುಣ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಮನುಷ್ಯ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. 1920ರ ದಶಕದಲ್ಲಿ ಅವರು ಮತ್ತೆ ದುಡ್ಡು ಬಿಚ್ಚಿದರು. ಅದೂ ಅರವತ್ತು ದಾಟಿದ ಮೇಲೆ. ಲೆಫ್ಟಿ ಗ್ರೋವ್ ಎಂಬ ಪಿಚ್ಚರ್‌ಗೆ ಬಾಲ್ಟಿಮೋರ್ ತಂಡಕ್ಕೆ ಕೊಟ್ಟ ಬೆಲೆ 1 ಲಕ್ಷ ಡಾಲರ್‌ಗೂ ಮೇಲೆ. ಜಿಮ್ಮಿ ಫಾಕ್ಸ್, ಅಲ್ ಸಿಮನ್ಸ್, ಮಿಕಿ ಕಾಕ್ರನ್ ಬಂದರು. 1929ರಲ್ಲಿ 104 ಗೆಲುವು. ಬೇಬ್ ರೂತ್ ಇದ್ದ ಯಾಂಕೀಸ್ ಹಿಂದೆ ಬಿತ್ತು.

ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಮ್ಯಾಕ್ ಮೊದಲ ಪಂದ್ಯಕ್ಕೆ ಗ್ರೋವ್‌ರನ್ನು ಬಿಟ್ಟು ಹೋವರ್ಡ್ ಎಮ್ಕೆ ಎಂಬ ವಯಸ್ಸಾದ ಪಿಚ್ಚರ್‌ನನ್ನು ಇಳಿಸಿದರು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುವಾಗ ಆತ 13 ಬ್ಯಾಟರ್‌ಗಳನ್ನು ಸ್ಟ್ರೈಕೌಟ್ ಮಾಡಿದ. ನಾಲ್ಕನೇ ಪಂದ್ಯದಲ್ಲಿ 8-0 ಹಿಂದಿದ್ದ ತಂಡ ಒಂದೇ ಇನಿಂಗ್ಸ್‌ನಲ್ಲಿ 10 ರನ್ ಗಳಿಸಿ ಗೆದ್ದಿತು. ಫಿಲಡೆಲ್ಫಿಯಾದ ದೊಡ್ಡ ನಾಗರಿಕ ಪ್ರಶಸ್ತಿ, 10 ಸಾವಿರ ಡಾಲರ್ ಜೊತೆಗೆ, ಮ್ಯಾಕ್‌ಗೆ ಸಿಕ್ಕಿತು. 1930ರಲ್ಲಿ ಮತ್ತೆ ಚಾಂಪಿಯನ್. 1931ರಲ್ಲಿ 107 ಗೆಲುವು, ಆದರೆ ಸೀರೀಸ್‌ನ ಏಳನೇ ಪಂದ್ಯದಲ್ಲಿ ಸೋಲು.

ಆದರೆ 1929ರ ಆ ಸೀರೀಸ್ ಮುಗಿದ ಎರಡೇ ವಾರದಲ್ಲಿ ಷೇರುಪೇಟೆ ಕುಸಿದಿತ್ತು. ಮಹಾ ಆರ್ಥಿಕ ಕುಸಿತ ಮನೆಮನೆಗೆ ಇಳಿಯಿತು. 1929ರಲ್ಲಿ 8 ಲಕ್ಷ 39 ಸಾವಿರ ಇದ್ದ ಪ್ರೇಕ್ಷಕರು 1933ರ ಹೊತ್ತಿಗೆ 3 ಲಕ್ಷಕ್ಕಿಂತ ಕಡಿಮೆ. ಪೆನ್ಸಿಲ್ವೇನಿಯಾ ರಾಜ್ಯದ ಹಳೆಯ ಧಾರ್ಮಿಕ ಕಾನೂನಿನಿಂದಾಗಿ ಭಾನುವಾರ ಪಂದ್ಯ ಆಡಿಸುವಂತಿರಲಿಲ್ಲ. ಕೂಲಿಯವರಿಗೆ ರಜೆ ಇರುವ ಒಂದೇ ದಿನ ಸ್ಟೇಡಿಯಂಗೆ ಬೀಗ. ಆ ನಿಷೇಧ ಹೋಗಿ ಭಾನುವಾರದ ಆಟ ಶುರುವಾದದ್ದು 1934ರಲ್ಲಿ. ಅಷ್ಟರಲ್ಲಿ ತಡವಾಗಿತ್ತು.

1932ರ ಸೆಪ್ಟೆಂಬರ್‌ನಲ್ಲಿ ಸಿಮನ್ಸ್ ಜೊತೆ ಇನ್ನಿಬ್ಬರು ಶಿಕಾಗೊಗೆ, 1 ಲಕ್ಷ ಡಾಲರ್. 1933ರ ಡಿಸೆಂಬರ್‌ನಲ್ಲಿ ಗ್ರೋವ್ ಜೊತೆ ಇನ್ನಿಬ್ಬರು ಬಾಸ್ಟನ್‌ಗೆ, 1 ಲಕ್ಷ 25 ಸಾವಿರ. ಅದೇ ವೇಳೆಗೆ ಕಾಕ್ರನ್ ಡೆಟ್ರಾಯಿಟ್‌ಗೆ, 1 ಲಕ್ಷ. ಕಾಕ್ರನ್ ಅಲ್ಲಿ ಆಟಗಾರ-ಮ್ಯಾನೇಜರ್ ಆಗಿ 1935ರಲ್ಲಿ ಡೆಟ್ರಾಯಿಟ್‌ಗೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಫಾಕ್ಸ್ 1933ರಲ್ಲಿ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ರನ್ಸ್ ಬ್ಯಾಟೆಡ್ ಇನ್ ಮೂರರಲ್ಲೂ ಲೀಗಿಗೇ ಮೊದಲಿಗರು. ಆ ಸಾಧನೆಯ ಮರುವರ್ಷ ಅವರ ಮುಂದೆ ಬಂದದ್ದು ಸಂಬಳ ಕಡಿತದ ಮಾತು. 1935ರ ಕೊನೆಗೆ ಅವರೂ ಬಾಸ್ಟನ್‌ಗೆ ಹೋದರು, 1 ಲಕ್ಷ 50 ಸಾವಿರಕ್ಕೆ. ಅದೇ 1935ರಲ್ಲಿ ಅಥ್ಲೆಟಿಕ್ಸ್ ಮತ್ತೆ ಕೊನೆಯ ಸ್ಥಾನದಲ್ಲಿತ್ತು.

ಇದೇ ವರ್ಷ ಇನ್ನೊಂದು ಘಟನೆ. ಶೈಬ್ ಪಾರ್ಕಿನ ಬಲಗಡೆ, 20ನೇ ಬೀದಿಯ ಮನೆಗಳ ತಾರಸಿಯಿಂದ ಪಂದ್ಯ ಕಾಣುತ್ತಿತ್ತು. ಮನೆಯವರು ತಾರಸಿ ಮೇಲೆ ಬೆಂಚು ಹಾಕಿ ಕಮ್ಮಿ ದುಡ್ಡಿಗೆ ಜನರನ್ನು ಕೂರಿಸುತ್ತಿದ್ದರು. ಕೆಲಸವಿಲ್ಲದ ಆ ಕಾಲದಲ್ಲಿ ಅದೊಂದು ಸಣ್ಣ ಸಂಪಾದನೆ. ಶೈಬ್ ಕುಟುಂಬ ಮತ್ತು ಮ್ಯಾಕ್ 12 ಅಡಿಯ ಗೋಡೆಯ ಮೇಲೆ ತಗಡು ಏರಿಸಿ 34 ಅಡಿ ಮಾಡಿದರು. ತಾರಸಿಗಳ ಆಟ ಬಂದ್. ಊರಿನವರು ಅದನ್ನು ಹೊಟ್ಟೆಕಿಚ್ಚಿನ ಗೋಡೆ ಅಂತ ಕರೆದರು. ನನಗೆ ಮ್ಯಾಕ್ ಬದುಕಿನಲ್ಲಿ ಅತ್ಯಂತ ಚುಚ್ಚುವುದು ಈ ಗೋಡೆ. ಆಟಗಾರರನ್ನು ಮಾರಿದ್ದಕ್ಕೆ ಬ್ಯಾಂಕ್ ಸಾಲದ ಒತ್ತಡ ಇತ್ತು, ಒಪ್ಪೋಣ. ಹತ್ತಿಗಿರಣಿಯಲ್ಲಿ ದುಡಿದ ಹುಡುಗ ಎದುರು ಮನೆಯ ಬಡವರ ತಾರಸಿಗೆ ಪರದೆ ಎಳೆದದ್ದಕ್ಕೆ ಏನು ಹೇಳೋಣ?

ನಾಲ್ಕನೇ ಸ್ಥಾನದ ಅರ್ಥಶಾಸ್ತ್ರ

ಮ್ಯಾಕ್ ಹೆಸರಿನಲ್ಲಿ ಬೇಸ್‌ಬಾಲ್ ಲೋಕದಲ್ಲಿ ಒಂದು ತರ್ಕ ಓಡಾಡುತ್ತದೆ. ಅದರ ಸಾರ ಇಷ್ಟು: ಸೀಸನ್ನಿನ ಬಹುಪಾಲು ಪೈಪೋಟಿಯಲ್ಲಿದ್ದು, ಕೊನೆಗೆ ನಾಲ್ಕನೇ ಸ್ಥಾನದಲ್ಲಿ ನಿಲ್ಲುವ ತಂಡವೇ ಮಾಲೀಕನಿಗೆ ಅತಿ ಲಾಭದ ತಂಡ. ಆಸೆ ಇರುವುದರಿಂದ ಜನ ಟಿಕೆಟ್ ಕೊಳ್ಳುತ್ತಾರೆ. ಗೆಲ್ಲದೇ ಇರುವುದರಿಂದ ಆಟಗಾರರು ಸಂಬಳ ಏರಿಸಿ ಅಂತ ಕೇಳುವುದಿಲ್ಲ.

ಓದಿ ಬೆಚ್ಚಿಬಿದ್ದೆ. ನನ್ನ ಹಳೆಯ ಕಂಪನಿಯ ಕೇಕು ನೆನಪಾಯಿತು.

ಈಗ ಇದನ್ನು ಇವತ್ತಿನ ಪ್ಲೇಆಫ್ ಪಕ್ಕ ಇಟ್ಟು ನೋಡಿ. ಮ್ಯಾಕ್ ಕಾಲದಲ್ಲಿ 16 ತಂಡ. ಎರಡು ಲೀಗಿನ ಮೊದಲ ಸ್ಥಾನದವರು ಮಾತ್ರ ನೇರ ವರ್ಲ್ಡ್ ಸೀರೀಸ್‌ಗೆ. ಎರಡನೇ ಸ್ಥಾನಕ್ಕೂ ಬಾಗಿಲಿಲ್ಲ. 1969ರಲ್ಲಿ 24 ತಂಡಗಳಲ್ಲಿ 4 ಮುಂದೆ ಹೋದವು. 1995ರಿಂದ 8, 2012ರಿಂದ 10. 2022ರಿಂದ 30ರಲ್ಲಿ 12. ಅಂದರೆ ಶೇ 40. ನಮ್ಮ ಐಪಿಎಲ್‌ನಲ್ಲೂ 10ರಲ್ಲಿ 4, ಅದೇ ಶೇ 40, ಇದರಲ್ಲೇನು ತಪ್ಪು ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಐಪಿಎಲ್‌ನಲ್ಲಿ ಲೀಗ್ ಹಂತಕ್ಕೆ ತಲಾ 14 ಪಂದ್ಯ, ತಂಡ ಕಟ್ಟಲು ಎಲ್ಲರಿಗೂ ಒಂದೇ ಮಿತಿ. 2025ರ ಹರಾಜಿಗೆ ಅದು 120 ಕೋಟಿ ರೂಪಾಯಿ. ಬೇಸ್‌ಬಾಲ್‌ನಲ್ಲಿ ಒಂದು ಸೀಸನ್‌ಗೆ 162 ಪಂದ್ಯ. ಅಷ್ಟು ಆಡಿದ ಮೇಲೆ ಯಾರು ಒಳ್ಳೆಯ ತಂಡ ಅನ್ನೋದು ಗೊತ್ತಾಗಿಯೇ ಇರುತ್ತದೆ. ಆಮೇಲೆ ಮೂರು ಪಂದ್ಯದ, ಐದು ಪಂದ್ಯದ ಸರಣಿಗೆ ಎಲ್ಲವನ್ನೂ ಬಿಟ್ಟರೆ ಅದು ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ದೊಡ್ಡ ಸ್ಯಾಂಪಲ್ ಬಿಸಾಕಿ ಸಣ್ಣ ಸ್ಯಾಂಪಲ್ ನಂಬುವುದು.

2023ರಲ್ಲಿ 84 ಪಂದ್ಯ ಮಾತ್ರ ಗೆದ್ದಿದ್ದ ಅರಿಜೋನ ವರ್ಲ್ಡ್ ಸೀರೀಸ್ ತನಕ ಹೋಯಿತು. ಅದರ ಹಿಂದಿನ ವರ್ಷ 87 ಗೆದ್ದಿದ್ದ ಫಿಲ್ಲೀಸ್ ಕೂಡ. ಸಣ್ಣ ಊರಿನ ಅಭಿಮಾನಿಗೆ ಇದು ಖುಷಿಯ ವಿಷಯ, ಅದನ್ನು ಅಲ್ಲಗಳೆಯಲ್ಲ. 1916ರ ಫಿಲಡೆಲ್ಫಿಯಾದವರಿಗೆ ಜುಲೈ ತಿಂಗಳಲ್ಲೇ ಆಸೆ ಸತ್ತಿತ್ತು. ಇವತ್ತು ಸೆಪ್ಟೆಂಬರ್ ತನಕ ಉಸಿರಿರುತ್ತದೆ. ಆದರೆ ಮಾಲೀಕನ ಲೆಕ್ಕ ಬೇರೆ. 86 ಗೆದ್ದರೂ ಪ್ಲೇಆಫ್ ಸಿಗುವುದಾದರೆ, 98 ಗೆಲ್ಲುವ ತಂಡ ಕಟ್ಟಲು ಇನ್ನಷ್ಟು ಕೋಟಿ ಡಾಲರ್ ಯಾಕೆ? ಮ್ಯಾಕ್ ಕಾಲದಲ್ಲಿ ನಾಲ್ಕನೇ ಸ್ಥಾನಕ್ಕೆ ಬರೀ ಲಾಭ ಇತ್ತು. ಈಗ ಅದಕ್ಕೆ ಮರ್ಯಾದೆಯೂ ಸಿಕ್ಕಿದೆ.

ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಇದೆ. ಶೋಹೆ ಒಹ್ತಾನಿಗೆ 10 ವರ್ಷಕ್ಕೆ 70 ಕೋಟಿ ಡಾಲರ್, ಅದರಲ್ಲಿ 68 ಕೋಟಿ ಕಾಂಟ್ರಾಕ್ಟ್ ಮುಗಿದ ಮೇಲೆ ಕೊಡುವ ಲೆಕ್ಕ. 2024, 2025 ಎರಡೂ ವರ್ಷ ಅವರೇ ಚಾಂಪಿಯನ್. ಹಾಗಾಗಿ ಅಭಿಮಾನಿಗಳ ಸಿಟ್ಟು ಎರಡು ದಿಕ್ಕಿಗೆ ಹರಿಯುತ್ತದೆ: ಒಬ್ಬ ಮಾಲೀಕ ಅತಿಯಾಗಿ ಖರ್ಚು ಮಾಡುತ್ತಾನೆ, ಇನ್ನೊಬ್ಬ ಮಾಡುವುದೇ ಇಲ್ಲ. ಸಂಬಳಕ್ಕೆ ಮೇಲ್ಮಿತಿ ತರಬೇಕು ಅನ್ನುವ ಕೂಗು ಜೋರಾಗಿದೆ. ಈಗಿನ ಒಪ್ಪಂದದ ಅವಧಿ ಮುಗಿಯುವುದು 2026ರ ಡಿಸೆಂಬರ್ 1ಕ್ಕೆ. ಆದರೆ ನನಗೆ ಕೆಳಮಿತಿಯ ಪ್ರಶ್ನೆಯೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಶ್ರೀಮಂತ ತಂಡಗಳ ಆದಾಯದಲ್ಲಿ ಒಂದು ಪಾಲು ಸಣ್ಣ ತಂಡಗಳಿಗೆ ಹೋಗುತ್ತದೆ. ಅದನ್ನು ಆಟದ ಮೇಲೆ ಸರಿಯಾಗಿ ಖರ್ಚು ಮಾಡುತ್ತಿಲ್ಲ ಅಂತ 2018ರಲ್ಲಿ ಆಟಗಾರರ ಸಂಘ ನಾಲ್ಕು ತಂಡಗಳ ಮೇಲೆ ದೂರು ಕೊಟ್ಟಿತ್ತು. ಅದರಲ್ಲಿ ಅಥ್ಲೆಟಿಕ್ಸ್ ಕೂಡ ಇತ್ತು. ಬಿಳಿ ಆನೆ ಎಂದು ಹೆಸರಾದ ತಂಡ ಈಗ ಆನೆಗೆ ಹುಲ್ಲು ಹಾಕದ ತಂಡ.

ಕೊನೆಯ ದಿನಗಳು

1937ರಲ್ಲಿ ಮ್ಯಾಕ್ ಹಾಲ್ ಆಫ್ ಫೇಮ್ ಸೇರಿದರು. ಶೈಬ್ ಸಹೋದರರು ತೀರಿಕೊಂಡ ಮೇಲೆ ತಂಡದ ಅಧ್ಯಕ್ಷರೂ ಅವರೇ ಆದರು. ಮತ್ತೆ ಲೀಗ್ ಗೆಲ್ಲಲೇ ಇಲ್ಲ. ಬೇರೆ ತಂಡಗಳು ಹಳ್ಳಿಹಳ್ಳಿಯಿಂದ ಹುಡುಗರನ್ನು ತಂದು ಬೆಳೆಸುವ ವ್ಯವಸ್ಥೆ ಕಟ್ಟುತ್ತಿದ್ದಾಗ ಇವರು ಹಿಂದೆ ಉಳಿದರು. ಇನ್ನೊಂದನ್ನೂ ಹೇಳಲೇಬೇಕು. ಅವರು ಮ್ಯಾನೇಜರ್ ಆಗಿದ್ದ 50 ವರ್ಷದಲ್ಲಿ ಅಥ್ಲೆಟಿಕ್ಸ್ ಪರ ಒಬ್ಬನೇ ಒಬ್ಬ ಕಪ್ಪು ಆಟಗಾರ ಆಡಲಿಲ್ಲ. ಜ್ಯಾಕಿ ರಾಬಿನ್ಸನ್ 1947ರಲ್ಲಿ ವರ್ಣಭೇದದ ಗೋಡೆ ಒಡೆದ ಮೇಲೂ ಈ ತಂಡಕ್ಕೆ ಬಾಬ್ ಟ್ರೈಸ್ ಬರಲು 1953 ಆಯಿತು. 20ನೇ ಬೀದಿಯ ತಗಡಿನ ಗೋಡೆ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುತ್ತಿರಲಿಲ್ಲ.

1950ರಲ್ಲಿ, 87ನೇ ವಯಸ್ಸಿನಲ್ಲಿ ಮ್ಯಾನೇಜರ್ ಕುರ್ಚಿ ಬಿಟ್ಟರು. ಲೆಕ್ಕ: 3,731 ಗೆಲುವು, 3,948 ಸೋಲು. ಎರಡೂ ದಾಖಲೆ. ಅಥ್ಲೆಟಿಕ್ಸ್ ಜೊತೆ ಐದು ವರ್ಲ್ಡ್ ಸೀರೀಸ್, 17 ಸಲ ಕೊನೆಯ ಸ್ಥಾನ. ಅಷ್ಟರಲ್ಲಿ ಮನೆಯಲ್ಲೇ ಜಗಳ ಶುರುವಾಗಿತ್ತು. ಮೊದಲ ಮದುವೆಯ ಮಕ್ಕಳಾದ ರಾಯ್ ಮತ್ತು ಅರ್ಲ್ ಒಂದು ಕಡೆ, ಎರಡನೇ ಮದುವೆಯ ಮಗ ಇನ್ನೊಂದು ಕಡೆ. ಹಿರಿಯ ಮಕ್ಕಳು ವಿಮಾ ಕಂಪನಿಯ ಸಾಲ ತೆಗೆದು ಉಳಿದವರ ಪಾಲು ಕೊಂಡರು. ಸಾಲದ ಕಂತಿಗೇ ಆದಾಯ ಕರಗಿತು. 1954ರಲ್ಲಿ ವರ್ಷಪೂರ್ತಿ ಬಂದ ಪ್ರೇಕ್ಷಕರು ಸುಮಾರು 3 ಲಕ್ಷ. ಆ ನವೆಂಬರ್‌ನಲ್ಲಿ ತಂಡ ಆರ್ನಾಲ್ಡ್ ಜಾನ್ಸನ್ ಎಂಬ ಉದ್ಯಮಿಗೆ ಮಾರಾಟವಾಗಿ ಕಾನ್ಸಸ್ ಸಿಟಿಗೆ ಹೋಯಿತು. 1956ರ ಫೆಬ್ರುವರಿ 8ರಂದು ಫಿಲಡೆಲ್ಫಿಯಾದಲ್ಲೇ ಮ್ಯಾಕ್ ತೀರಿಕೊಂಡರು. ಅವರ ಹೆಸರಿಟ್ಟ ಸ್ಟೇಡಿಯಂ ಅಲ್ಲೇ ಇತ್ತು, ಅವರ ತಂಡ ಮಾತ್ರ ಊರಲ್ಲಿರಲಿಲ್ಲ.

ಆಮೇಲಿನದು ಮರುಪ್ರಸಾರ. 1968ರಲ್ಲಿ ಓಕ್‌ಲ್ಯಾಂಡ್. 1972, 73, 74 ಸತತ ಚಾಂಪಿಯನ್. 1976ರಲ್ಲಿ ಆಗಿನ ಮಾಲೀಕ ಚಾರ್ಲಿ ಫಿನ್ಲಿ ಮೂವರು ತಾರೆಯರನ್ನು 35 ಲಕ್ಷ ಡಾಲರ್‌ಗೆ ಮಾರಲು ಹೊರಟಾಗ ಕಮಿಷನರ್ ತಡೆದರು. ಈಗ ಸ್ಯಾಕ್ರಮೆಂಟೊ ಪಕ್ಕದ ಸಣ್ಣ ಸ್ಟೇಡಿಯಂನಲ್ಲಿ ತಾತ್ಕಾಲಿಕ ಬಿಡಾರ, ಮುಂದೆ ಲಾಸ್ ವೇಗಸ್.

ಮ್ಯಾಕ್‌ರನ್ನು ಇವತ್ತಿನ ಮಾಲೀಕರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಾಗುವುದಿಲ್ಲ. ಅವರಿಗೆ ಬೇರೆ ವ್ಯಾಪಾರ ಇರಲಿಲ್ಲ. ತಂಡ ಮುಳುಗಿದರೆ ಅವರೂ ಮುಳುಗುತ್ತಿದ್ದರು. ಸೋಲುವಾಗ ಬೆಂಚಿನ ಮೇಲೆ, ಜನರ ಕಣ್ಣೆದುರು, ಅದೇ ಸೂಟಿನಲ್ಲಿ ಕೂತಿರುತ್ತಿದ್ದರು. ಓಕ್‌ಲ್ಯಾಂಡ್‌ನಿಂದ ತಂಡ ಕೊಂಡೊಯ್ದ ಜಾನ್ ಫಿಶರ್, ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ. 2005ರಲ್ಲಿ 18 ಕೋಟಿ ಡಾಲರ್‌ಗೆ ಕೊಂಡ ತಂಡದ ಅಂದಾಜು ಬೆಲೆ ಈಗ ನೂರು ಕೋಟಿ ದಾಟಿದೆ. ಸೋತರೂ ಬೆಲೆ ಏರುವ ಆಸ್ತಿ ಅದು.

ಆದರೂ ಅಭಿಮಾನಿಯ ಕಡೆಯಿಂದ ನೋಡಿದರೆ ಇಬ್ಬರ ಕಾಲದಲ್ಲೂ ಒಂದು ವಿಷಯ ಬದಲಾಗಿಲ್ಲ. ಬೇರೆ ಯಾವ ಅಂಗಡಿಯವನು ಕೆಟ್ಟ ಮಾಲು ಕೊಟ್ಟರೂ ನಾವು ಪಕ್ಕದ ಅಂಗಡಿಗೆ ಹೋಗುತ್ತೇವೆ. ತಂಡದ ವಿಷಯದಲ್ಲಿ ಹೋಗಲಾರೆವು. ನಮ್ಮ ಈ ಅಸಹಾಯಕತೆಯೇ ಅವರ ಬಂಡವಾಳ. 1915ರಲ್ಲೂ, 2023ರಲ್ಲೂ ಜನರಿಗೆ ಗೊತ್ತಿದ್ದದ್ದು ಎರಡೇ ದಾರಿ: ಬರದೇ ಇರುವುದು, ಇಲ್ಲವೇ ಎಲ್ಲರೂ ಒಟ್ಟಿಗೆ ಬರುವುದು. ಎರಡೂ ಸೋತವು. ಯಾಕಂದ್ರೆ ಎರಡರಲ್ಲೂ ಅಭಿಮಾನಿ ಗಿರಾಕಿಯಷ್ಟೇ. ಸ್ಟೇಡಿಯಂಗೆ ಸಾರ್ವಜನಿಕ ಹಣ ಕೇಳುವಾಗ ಮಾತ್ರ ಅವನು ನಾಗರಿಕ. ಹಣ ಕೊಡುವ ಊರು ತಂಡದಲ್ಲಿ ಒಂದು ಪಾಲು, ತಂಡ ಊರು ಬಿಡುವಾಗ ಒಂದು ವೋಟು ಕೇಳಬೇಕಾದ್ದು ಆ ಕ್ಷಣದಲ್ಲೇ. ಒಂದು ಕಾಲದಲ್ಲಿ ಇಬ್ಬರು ಪತ್ರಕರ್ತರಿಗೇ ಈ ತಂಡದಲ್ಲಿ ಕಾಲು ಪಾಲು ಸಿಕ್ಕಿತ್ತು. ಊರಿಗೆ ಸಿಗಬಾರದು ಅಂತ ಎಲ್ಲೂ ಬರೆದಿಲ್ಲ.

ಆಟಗಾರರ ಲೀಗಿಗೆ ಕೂಡಿಟ್ಟ ಹಣವನ್ನೆಲ್ಲ ಹಾಕಿದ 27 ವರ್ಷದ ಕ್ಯಾಚರ್‌ಗೆ ಈ ಮಾತು ಅರ್ಥವಾಗುತ್ತಿತ್ತು. ಗೋಡೆ ಎತ್ತರಿಸಿದ 72 ವರ್ಷದ ಮಾಲೀಕನಿಗೆ ಆಗುತ್ತಿತ್ತೋ ಇಲ್ಲವೋ. ಇಬ್ಬರೂ ಒಬ್ಬರೇ ಅನ್ನೋದು ಈ ಕಥೆಯ ಕಷ್ಟ.